ಸಾಕುನಾಯಿಯ ಬೊಜ್ಜು ಮತ್ತು ಹೃದಯ: ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು

ಕಾಫಿ, ಅಡಿಕೆಗಳ ಧಾರಣೆ, ಔಷಧ ಸಿಂಪಡಣೆ, ಕೊಳೆರೋಗ ಇವುಗಳ ನಡುವೆ ನಾಯಿಯ ವಿಷಯವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ನಮ್ಮ ತೋಟಗಳಲ್ಲಿ ನಾಯಿಯಿಲ್ಲದ ಮನೆ ಎಷ್ಟಿವೆ ಎಂದು ಅವರೇ ಒಮ್ಮೆ ಎಣಿಸಿ ನೋಡಲಿ. ಕಾಫಿ ಕಣ ಕಾಯುವುದು, ಮಂಗಗಳನ್ನು ಅಟ್ಟುವುದು, ರಾತ್ರಿ ಹಂದಿ ಬಂದರೆ ಮನೆಯವರನ್ನು ಎಬ್ಬಿಸುವುದು, ಇವೆಲ್ಲ ಸಂಬಳವಿಲ್ಲದ ಈ ನೌಕರನ ಕೆಲಸ. ದನಕರುಗಳ ರೋಗರುಜಿನಗಳ ಬಗ್ಗೆ ಇಂಥ ಪತ್ರಿಕೆಗಳಲ್ಲಿ ಬರಹಗಳು ಬರುತ್ತಲೇ ಇರುತ್ತವೆ; ನಾಯಿಯ ಬಗ್ಗೆ ಬರುವುದು ಅಪರೂಪ. ಈ ಸಲ ಬರೆಯಲು ಒಂದು ಕಾರಣವೂ ಒದಗಿ ಬಂತು.

ನಮ್ಮ ಸದಸ್ಯರೊಬ್ಬರು ಕೊಪ್ಪದ ಕಡೆಯವರು. ವಯಸ್ಸಾದ ಮೇಲೆ ತೋಟವನ್ನು ತಮ್ಮನ ಮಗನ ಕೈಗೆ ಒಪ್ಪಿಸಿ, ಬೆಂಗಳೂರಿನಲ್ಲಿರುವ ಮಗನ ಮನೆಗೆ ಬಂದು ನೆಲೆಸಿದ್ದಾರೆ. ಮನೆ ಇರುವುದು ಯಲಹಂಕದ ಬಳಿಯ ಕೋಗಿಲಿನಲ್ಲಿ, ಒಂದು ವಸತಿ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ. ಒಂದು ಕಾಲಕ್ಕೆ ಹೊಲ, ಕೆರೆಗಳ ಹಳ್ಳಿಯಾಗಿದ್ದ ಕೋಗಿಲು ಈಗ ನಗರದೊಳಗೆ ಸೇರಿಹೋಗಿದೆ. ಬರುವಾಗ ಅವರು ತೋಟದ ನಾಯಿಯನ್ನೂ ಜೊತೆಗೆ ಕರೆತಂದರು. ಜಾತಿ ನಾಯಿಯಲ್ಲ, ನಮ್ಮ ಊರನಾಯಿಯೇ. ಬಂದಾಗ ಅದರ ತೂಕ 20 ಕಿಲೋ. ಎರಡು ವರ್ಷಗಳಲ್ಲಿ ಅದು 27 ಕಿಲೋ ಆಯಿತು. ಮಹಡಿ ಹತ್ತುವಾಗ ಅರ್ಧಕ್ಕೆ ಕೂರತೊಡಗಿತು, ರಾತ್ರಿ ಗೊರಕೆ ಹೊಡೆಯತೊಡಗಿತು. “ಏಳು ವರ್ಷ ಆಯ್ತಲ್ಲ ಮಾರಾಯ್ರೇ, ವಯಸ್ಸಾಯ್ತು” ಎಂದು ಯಜಮಾನರು ಸಮಾಧಾನ ಹೇಳಿಕೊಂಡಿದ್ದರು. ಒಂದು ದಿನ ಅದು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಮಲಗಿಬಿಟ್ಟಿತು. ಗಾಬರಿಯಿಂದ ಹತ್ತಿರದ ಪಶುವೈದ್ಯರಲ್ಲಿಗೆ ಒಯ್ದಾಗ ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, “ಸಾರ್, ಇದಕ್ಕೆ ಬಂದಿರುವುದು ಮುಪ್ಪಲ್ಲ, ಬೊಜ್ಜು. ಹೃದಯದಲ್ಲಿ ಸಣ್ಣದೊಂದು ಮರ್ಮರ ಶಬ್ದವೂ ಇದೆ. ದಿನಕ್ಕೆ ಏನೇನು ಹಾಕುತ್ತೀರಿ, ಒಂದು ಪಟ್ಟಿ ಮಾಡಿ ತನ್ನಿ” ಎಂದರು.

ಆ ಪಟ್ಟಿಯನ್ನು ನಾವೂ ನೋಡಿದೆವು. ಓದುಗರಿಗೆ ಪಾಠವಾಗಬಹುದೆಂದು ಯಜಮಾನರ ಒಪ್ಪಿಗೆಯಿಂದಲೇ ಇಲ್ಲಿ ಕೊಡುತ್ತಿದ್ದೇವೆ.

ಲೆಕ್ಕ ಎಲ್ಲಿ ತಪ್ಪಿತು?

ಬೆಳಿಗ್ಗೆ ಮೂರು ಇಡ್ಲಿ, ಸುಮಾರು 150 ಕ್ಯಾಲರಿ. ಕಾಲು ಲೀಟರ್ ಹಾಲು, 160. ದಿನವಿಡೀ ಆಗಾಗ ಕೈಯಿಂದ ಕೊಡುವ ಗ್ಲೂಕೋಸ್ ಬಿಸ್ಕತ್ತು ಹತ್ತು, 190. ಮಧ್ಯಾಹ್ನ ಮೊಸರನ್ನ, 450. ಸಂಜೆ ಮೊಮ್ಮಗ ಕೊಡುವ ಬ್ರೆಡ್ಡು, ಚಕ್ಕುಲಿ, 100. ರಾತ್ರಿ ಒಂದು ರಾಗಿ ಮುದ್ದೆ, ಮೇಲೊಂದು ಚಮಚ ತುಪ್ಪ, 280. ಒಟ್ಟು 1,330 ಕ್ಯಾಲರಿ.

ಅಷ್ಟೊಂದು ಓಡಾಟವಿಲ್ಲದ 20 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲರಿ ಸಾಕು. ಹಾಗಾದರೆ ತೋಟದಲ್ಲಿದ್ದಾಗ ಇಷ್ಟೇ ತಿಂದರೂ ಏಕೆ ದಪ್ಪವಾಗಿರಲಿಲ್ಲ? ಅಲ್ಲಿ ಅದು ಬೆಳಗಿನಿಂದ ಸಂಜೆಯವರೆಗೆ ಏರು ತಗ್ಗುಗಳಲ್ಲಿ ಓಡುತ್ತಿತ್ತು. ಲೈನು ಮನೆಗಳಿಂದ ಕಣಕ್ಕೆ, ಕಣದಿಂದ ಹಳ್ಳಕ್ಕೆ, ಹಳ್ಳದಿಂದ ಮನೆಗೆ. ಇಲ್ಲಿ ಅದರ ಓಟ ಸೋಫಾದಿಂದ ಅಡುಗೆಮನೆಗೆ ಮಾತ್ರ. ಖರ್ಚು ಇಳಿದರೂ ಜಮೆ ಇಳಿಯಲಿಲ್ಲ. ಉಳಿದದ್ದೆಲ್ಲ ಕೊಬ್ಬಾಗಿ ಶೇಖರವಾಯಿತು. ಸಹಕಾರಿ ಸಂಘದ ಲೆಕ್ಕಪತ್ರ ನೋಡಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಗೆ ಶಕ್ತಿಯ ಅಗತ್ಯ ಇನ್ನೂ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆ ಒಳ್ಳೆಯದೇ, ಆದರೆ ಅಂದಿನಿಂದಲೇ ಊಟವನ್ನು ಸ್ವಲ್ಪ ಇಳಿಸಬೇಕು. ಕೆಲವು ತಳಿಗಳಿಗೆ ಹುಟ್ಟಿನಿಂದಲೇ ಹಸಿವು ಹೆಚ್ಚು. ಲ್ಯಾಬ್ರಡಾರ್ ನಾಯಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹೊಟ್ಟೆ ತುಂಬಿದ ಸಂದೇಶವನ್ನು ಮಿದುಳಿಗೆ ಸರಿಯಾಗಿ ಮುಟ್ಟಿಸದ ಒಂದು ವಂಶವಾಹಿ ದೋಷವಿದೆ ಎಂದು ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಕಂಡುಹಿಡಿದರು. ಅಂಥ ನಾಯಿ ತಟ್ಟೆ ಖಾಲಿ ಮಾಡಿ ಮತ್ತೆ ಮುಖ ನೋಡಿದರೆ ಅದಕ್ಕೆ ಊಟ ಸಾಲಲಿಲ್ಲವೆಂದು ತಿಳಿಯಬಾರದು.

ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗಲೂ ತಿನ್ನುವುದು ಹೆಚ್ಚದೆಯೇ ತೂಕ ಏರಬಹುದು. ಜಡತ್ವ, ಎರಡು ಪಕ್ಕದಲ್ಲೂ ಸಮನಾಗಿ ಕೂದಲುದುರುವುದು ಇದರ ಲಕ್ಷಣಗಳು. ಆದ್ದರಿಂದ ಪಥ್ಯ ಆರಂಭಿಸುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸುವುದು ಕ್ಷೇಮ.

ಬೊಜ್ಜು ಇದೆಯೆಂದು ತಿಳಿಯುವುದು ಹೇಗೆ?

ಇದಕ್ಕೆ ಯಂತ್ರ ಬೇಡ, ಕೈಯೇ ಸಾಕು. ಮುಷ್ಟಿ ಬಿಗಿಹಿಡಿದು ಬೆರಳ ಗೆಣ್ಣುಗಳ ಮೇಲೆ ಇನ್ನೊಂದು ಕೈಯಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಉಬ್ಬಿ ಸಿಕ್ಕಿದರೆ ಅದು ಬಡಕಲು. ಕೈ ಬಿಡಿಸಿ ಹಿಂಬದಿಯ ಮೂಳೆಗಳ ಮೇಲೆ ಬೆರಳಾಡಿಸಿ. ಪಕ್ಕೆಲುಬು ಹಾಗೆ ಸಿಕ್ಕಿದರೆ ತೂಕ ಸರಿಯಾಗಿದೆ. ಅಂಗೈ ಮಗುಚಿ ಬೆರಳ ಬುಡದ ಮೆತ್ತನೆಯ ಭಾಗವನ್ನು ಮುಟ್ಟಿ; ಪಕ್ಕೆಲುಬು ಹಾಗೆ ಒತ್ತಿ ಹುಡುಕಬೇಕಾದರೆ ಬೊಜ್ಜು ಬಂದಿದೆ. ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಸರಿದಿರಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂದಕ್ಕೆ ಮೇಲೇರಿರಬೇಕು.

ಪಶುವೈದ್ಯರು ಇದನ್ನೇ 1ರಿಂದ 9ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. 4 ಅಥವಾ 5 ಬಂದರೆ ಉತ್ತಮ. ಅದರಿಂದಾಚೆ ಒಂದೊಂದು ಅಂಕಕ್ಕೂ ಸುಮಾರು ಶೇ 10ರಷ್ಟು ತೂಕ ಹೆಚ್ಚಾಗಿದೆಯೆಂದು ಲೆಕ್ಕ. ಕೋಗಿಲಿನ ನಾಯಿಗೆ ಬಂದದ್ದು 8.

ಇಲ್ಲೊಂದು ಮಾತು. ನಮ್ಮ ರಾಜ್ಯದ್ದೇ ತಳಿಯಾದ ಮುಧೋಳ ನಾಯಿಯನ್ನು ಕಂಡವರು, ಪಾಪ, ಹೊಟ್ಟೆಗಿಲ್ಲದೆ ಒಣಗಿದೆ ಎಂದುಕೊಳ್ಳುವುದುಂಟು. ಓಡಿ ಬೇಟೆಯಾಡಲೆಂದೇ ಬೆಳೆದುಬಂದ ಈ ತಳಿಯ ಮೈಯೇ ಹಾಗೆ. ಕೊನೆಯ ಪಕ್ಕೆಲುಬುಗಳು ಕಾಣುವುದೇ ಅದರ ಸಹಜ ಸ್ಥಿತಿ. ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಇಂಥ ನಾಯಿಯನ್ನು ತಂದು ತುಪ್ಪ ಅನ್ನ ಹಾಕಿ ದುಂಡಗೆ ಮಾಡಿದರೆ ಅದಕ್ಕೆ ಉಪಕಾರವಾಗುವುದಿಲ್ಲ.

ಬೊಜ್ಜಿಗೂ ಹೃದಯಕ್ಕೂ ಏನು ಸಂಬಂಧ?

ಮನುಷ್ಯರಿಗೆ ಕೊಬ್ಬು ಹೆಚ್ಚಾದರೆ ಹೃದಯದ ರಕ್ತನಾಳ ಕಟ್ಟಿಕೊಂಡು ಹೃದಯಾಘಾತವಾಗುತ್ತದೆಂಬುದು ಎಲ್ಲರಿಗೂ ತಿಳಿದ ವಿಷಯ. ನಾಯಿಗೂ ಹಾಗೆಯೇ ಎಂದು ಬಹಳ ಜನ ಭಾವಿಸಿದ್ದಾರೆ. ಇದು ಸರಿಯಲ್ಲ. ನಾಯಿಯ ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಕ್ರಮವೇ ಬೇರೆ. ಥೈರಾಯ್ಡ್ ಕೊರತೆಯಂಥ ಕೆಲವು ರೋಗಗಳಿದ್ದ ಹೊರತು ಅದರ ರಕ್ತನಾಳಗಳು ಹಾಗೆ ಕಟ್ಟಿಕೊಳ್ಳುವುದು ಬಹಳ ಅಪರೂಪ. ನಾಯಿಗೆ ಬರುವ ಹೃದ್ರೋಗಗಳಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಕವಾಟದ ರೋಗ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಕವಾಟ ವಯಸ್ಸಾದಂತೆ ದಪ್ಪಗಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಸವೆದ ವಾಷರಿನ ಪಂಪಿನಂತೆ ರಕ್ತ ಹಿಂದಕ್ಕೆ ಸೋರುತ್ತದೆ. ಆ ಸೋರಿಕೆಯ ಸದ್ದೇ ವೈದ್ಯರ ಕಿವಿಗೆ ಬೀಳುವ ಮರ್ಮರ. ಪೊಮೆರೇನಿಯನ್, ಡ್ಯಾಶ್‌ಹಂಡ್ ಮುಂತಾದ ಸಣ್ಣ ನಾಯಿಗಳಲ್ಲಿ ಇದು ಹೆಚ್ಚು. ಇತರ ನಾಯಿಗಳಿಗೂ ಬರಬಹುದು. ಎರಡನೆಯದು ಹೃದಯದ ಸ್ನಾಯು ತೆಳುವಾಗಿ ಹಿಗ್ಗಿ ಬಲಗುಂದುವ ರೋಗ. ಡಾಬರ್‌ಮನ್‌ನಂಥ ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು. ಧಾನ್ಯವಿಲ್ಲದ, ಬಟಾಣಿ ಕಾಳುಗಳೇ ಹೆಚ್ಚಿರುವ ಕೆಲವು ಸಿದ್ಧ ಆಹಾರಗಳಿಗೂ ಈ ರೋಗಕ್ಕೂ ನಂಟಿರಬಹುದೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ವಿಚಾರಣೆ ಆರಂಭಿಸಿತ್ತು. ಕಾರಣ ಪೂರ್ತಿ ಸಾಬೀತಾಗಿಲ್ಲವಾದರೂ, ದುಬಾರಿಯಾದುದೆಲ್ಲ ಒಳ್ಳೆಯದೆಂಬ ಭ್ರಮೆ ಬೇಡ.

ಈ ಎರಡು ರೋಗಗಳನ್ನೂ ಬೊಜ್ಜು ನೇರವಾಗಿ ಹುಟ್ಟಿಸುವುದಿಲ್ಲ. ಆದರೆ ಹುಟ್ಟಿದ ರೋಗದ ಮೇಲೆ ಹೊರೆ ಹೇರುತ್ತದೆ. ಹೆಚ್ಚಿದ ಮೈಗೆ ಹೆಚ್ಚು ರಕ್ತ ಹರಿಸಬೇಕು, ಹೃದಯ ಹೆಚ್ಚು ದುಡಿಯಬೇಕು. ಎದೆಯ ಸುತ್ತಲಿನ ಮತ್ತು ಹೊಟ್ಟೆಯೊಳಗಿನ ಕೊಬ್ಬು ಶ್ವಾಸಕೋಶ ಹಿಗ್ಗದಂತೆ ಒತ್ತುತ್ತದೆ. ನಾಯಿ ಮೈಯೆಲ್ಲ ಬೆವರುವ ಪ್ರಾಣಿಯಲ್ಲ. ನಾಲಗೆ ಚಾಚಿ ಏದುವುದರಿಂದಲೇ ಅದರ ಮೈ ತಣಿಯಬೇಕು. ಕೊಬ್ಬಿನ ಕಂಬಳಿ ಹೊದ್ದ ನಾಯಿ ಬೇಸಿಗೆಯಲ್ಲಿ ಬಿಸಿಲಾಘಾತಕ್ಕೆ ಸುಲಭವಾಗಿ ತುತ್ತಾಗುತ್ತದೆ. ಕೀಲುನೋವೂ ಬೇಗ ಬರುತ್ತದೆ. ನೋವಿನಿಂದ ಓಡಾಟ ನಿಂತು ಬೊಜ್ಜು ಇನ್ನೂ ಏರುತ್ತದೆ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳ ಮೇಲೆ ಅವುಗಳ ಜೀವಮಾನವಿಡೀ ನಡೆದ ಒಂದು ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಡಹುಟ್ಟಿದ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಹಾಕಿದ್ದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರವನ್ನು ಇನ್ನೊಂದಕ್ಕೆ ಹಾಕುತ್ತಾ ಬಂದರು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಹೆಚ್ಚು ತಿಂದವೂ ವಿಪರೀತ ದಪ್ಪವೇನೂ ಆಗಿರಲಿಲ್ಲ. ನಾಯಿಯ ಬಾಳಿನಲ್ಲಿ ಎರಡು ವರ್ಷವೆಂದರೆ ಸಣ್ಣ ಮಾತಲ್ಲ.

ತೂಕ ಇಳಿಸುವ ಕ್ರಮ

ಮೊದಲು ತೂಗಬೇಕು. ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಅನಂತರ ನೀವೊಬ್ಬರೇ ನಿಂತು, ಮೂಟೆಯಿಂದ ಚೀಲದ ತೂಕ ಕಳೆಯುವಂತೆ ಕಳೆಯಿರಿ. ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ತೂಗಿ ಬರೆದಿಡಿ.

ತೂಕ ಇಳಿಸಬೇಕಾದ ನಾಯಿಗೆ, ಅದು ಈಗಿರುವ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ ತಕ್ಕಷ್ಟು ಆಹಾರ ಕೊಡಬೇಕು. ಆರಂಭದ ಅಂದಾಜಿಗೆ ಹೀಗೆ: ಗುರಿ 10 ಕಿಲೋ ಆದರೆ ದಿನಕ್ಕೆ ಸುಮಾರು 390 ಕ್ಯಾಲರಿ, 15 ಕಿಲೋಗೆ 530, 20 ಕಿಲೋಗೆ 660, 25 ಕಿಲೋಗೆ 780, 30 ಕಿಲೋಗೆ 900. ವಾರಕ್ಕೆ ದೇಹದ ತೂಕದ ಶೇ 1ರಿಂದ 2ರಷ್ಟು ಇಳಿದರೆ ಸಾಕು. 27 ಕಿಲೋ ನಾಯಿ 20 ಕಿಲೋಗೆ ಬರಲು ನಾಲ್ಕರಿಂದ ಆರು ತಿಂಗಳು, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಉಪವಾಸ ಕೆಡವಿ ಅವಸರ ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.

20 ಕಿಲೋ ಗುರಿಯ ನಾಯಿಗೆ ಒಂದು ದಿನದ ಊಟದ ಮಾದರಿ: ಬೆಂದ ಅನ್ನ 200 ಗ್ರಾಂ, ಚರ್ಮ ತೆಗೆದು ಬೇಯಿಸಿದ ಕೋಳಿಮಾಂಸ 150 ಗ್ರಾಂ, ಬೆಂದ ಸಿಹಿಗುಂಬಳ, ಹುರುಳಿಕಾಯಿ, ಕ್ಯಾರೆಟ್ 150 ಗ್ರಾಂ, ಮೊಸರು 100 ಗ್ರಾಂ. ಇದಕ್ಕೆ ಸುಮಾರು 620 ಕ್ಯಾಲರಿ ಆಗುತ್ತದೆ. ಇದನ್ನು ಎರಡು ಹೊತ್ತಿಗೆ ಹಂಚಬೇಕು. ಉಳಿದ 40 ಕ್ಯಾಲರಿ ನಿಮ್ಮ ಪ್ರೀತಿಗೆ. ಅದನ್ನೂ ಬಿಸ್ಕತ್ತಿನ ಬದಲು ಸೌತೆಕಾಯಿ, ಕ್ಯಾರೆಟ್ ಚೂರುಗಳಲ್ಲಿ ಕೊಟ್ಟರೆ ಹತ್ತು ಸಲ ಕೊಡಬಹುದು. ಮನೆಯೂಟವನ್ನೇ ಬಹುಕಾಲ ಹಾಕುವವರು ಸುಣ್ಣಾಂಶ, ಜೀವಸತ್ವಗಳ ಪೂರೈಕೆಗೆ ವೈದ್ಯರ ಸಲಹೆ ಪಡೆಯಬೇಕು. ಮಾಂಸ ಮಾಡದ ಮನೆಗಳವರು ನಾಯಿಗೆ ಸಾರಜನಕಾಂಶ ಹೇಗೆ ಒದಗಿಸಬೇಕೆಂಬುದನ್ನೂ ಕೇಳಿ ತಿಳಿಯಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಆದ್ದರಿಂದ ಉಳಿದ ಹುಳಿ, ಸಾರು ಅನ್ನಕ್ಕೆ ಸುರಿಯುವ ರೂಢಿ ಬಿಡಬೇಕು.

ನಡಿಗೆಯನ್ನು ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ದಪ್ಪ ನಾಯಿಯನ್ನು ಮೊದಲ ದಿನವೇ ಓಡಿಸುವುದು ಅಪಾಯ. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಡಾಂಬರು ತಣಿದ ಮೇಲೆ ಹೊರಡಬೇಕು. ರಸ್ತೆಯ ಮೇಲೆ ನಿಮ್ಮ ಅಂಗೈಯನ್ನು ಐದಾರು ಕ್ಷಣ ಇಡಲಾಗದಿದ್ದರೆ ಅದರ ಪಾದಕ್ಕೂ ಅದು ಸುಡುತ್ತದೆ.

ನಮ್ಮ ಬೆಳೆಗಳ ಬಗ್ಗೆ ಎರಡು ಎಚ್ಚರಿಕೆ

ಕಾಫಿ ಕುಡಿಸಿದರೆ ಬೊಜ್ಜು ಕರಗುತ್ತದೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಕಾಫಿಯಲ್ಲಿರುವ ಕೆಫೀನ್ ನಾಯಿಯ ಮೈಯಿಂದ ಬೇಗ ಹೊರಹೋಗುವುದಿಲ್ಲ. ಹೃದಯ ಬಡಿತ ಏರುತ್ತದೆ, ಲಯ ತಪ್ಪುತ್ತದೆ, ನಡುಕ, ಸೆಳವು ಬರುತ್ತವೆ. ದೇಹದ ಕಿಲೋ ತೂಕಕ್ಕೆ 20 ಮಿಲಿಗ್ರಾಂನಷ್ಟಾದಾಗಲೇ ಲಕ್ಷಣಗಳು ಕಾಣತೊಡಗುತ್ತವೆ. ರೊಬಸ್ಟಾ ಬೀಜದಲ್ಲಿ ಶೇ 2ರಷ್ಟು ಕೆಫೀನ್ ಇದೆಯೆಂದು ಹಿಡಿದರೆ, 10 ಕಿಲೋ ನಾಯಿಗೆ ಹತ್ತೇ ಗ್ರಾಂ ಪುಡಿ ತೊಂದರೆ ಕೊಡಬಲ್ಲದು; ನೂರು ಗ್ರಾಂ ಜೀವವನ್ನೇ ತೆಗೆಯಬಹುದು. ಸೋಸಿ ಉಳಿದ ಚರಟವನ್ನು ಗಿಡದ ಬುಡಕ್ಕೆ ಸುರಿಯುವಾಗ, ಪಲ್ಪರಿನ ಸಿಪ್ಪೆ ರಾಶಿ ಹಾಕುವಾಗ ಇದನ್ನು ನೆನಪಿಡಿ.

ಎರಡನೆಯದು ಅಡಿಕೆ. ನಾಯಿಯ ಲಾಡಿಹುಳಕ್ಕೆ ಅಡಿಕೆ ಪುಡಿ ಕೊಡುವುದು ಹಳೆಯ ಔಷಧ. ಇದು ಬರೀ ಹಳ್ಳಿ ಮದ್ದಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಪ್ರತ್ಯೇಕಿಸಿ ವಿದೇಶಗಳ ಪಶುವೈದ್ಯರೂ ಬಹುಕಾಲ ಬಳಸಿದ್ದರು. ನಮ್ಮ ಬೆಳೆಗೆ ಇದೊಂದು ಹೆಮ್ಮೆಯೇ. ಆದರೆ ಅರೆಕೋಲಿನ್ ಹೃದಯ ಬಡಿತವನ್ನು ಕುಗ್ಗಿಸುತ್ತದೆ. ಜೊಲ್ಲು, ವಾಂತಿ, ಭೇದಿ ತರಿಸುತ್ತದೆ. ಹೃದಯ ದುರ್ಬಲವಾದ ನಾಯಿಗೆ ಇದು ಪ್ರಾಣಾಪಾಯ. ಪ್ರಾಜಿಕ್ವಾಂಟೆಲ್ ಎಂಬ ಸುರಕ್ಷಿತ ಮಾತ್ರೆ ಬಂದ ಮೇಲೆ ಅಡಿಕೆ ಮದ್ದಿನ ಅಗತ್ಯವೇ ಉಳಿದಿಲ್ಲ.

ಯಾವಾಗ ತಡಮಾಡಬಾರದು?

ನಾಯಿ ಗಾಢವಾಗಿ ಮಲಗಿರುವಾಗ ಒಂದು ನಿಮಿಷದಲ್ಲಿ ಎಷ್ಟು ಸಲ ಎದೆ ಏರಿಳಿಯುತ್ತದೆಂದು ಎಣಿಸಿ. 30ರ ಒಳಗಿರಬೇಕು. ದಿನದಿನಕ್ಕೆ ಏರುತ್ತಾ 30 ದಾಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ರಾತ್ರಿ ಕೆಮ್ಮು, ತಲೆ ಸುತ್ತಿ ಬೀಳುವುದು, ನಾಲಗೆ ನೀಲಿಗಟ್ಟುವುದು ಇವೂ ಅಪಾಯದ ಗುರುತುಗಳು. ಬೆನ್ನೆಲುಬು ಎದ್ದು ಕಾಣುತ್ತಾ ಹೊಟ್ಟೆ ಮಾತ್ರ ದಪ್ಪವಾದರೆ ಅದು ಬೊಜ್ಜಲ್ಲ, ಹೊಟ್ಟೆಯಲ್ಲಿ ನೀರು ಇರಬಹುದು; ಅಂಥ ನಾಯಿಗೆ ಪಥ್ಯ ಮಾಡಿಸಿ ಕೂರಬಾರದು. ಹೃದಯ ಸೋತ ನಾಯಿ ತಾನಾಗಿ ಬಡವಾಗುತ್ತದೆ. ಅದಕ್ಕೆ ಊಟ ಕಡಿತ ಮಾಡುವುದು ತಪ್ಪು.

ಕವಾಟ ಸೋರಿ ಹೃದಯ ಹಿಗ್ಗಿದ್ದು ಸ್ಕ್ಯಾನಿನಲ್ಲಿ ಕಂಡರೆ, ರೋಗಲಕ್ಷಣ ಕಾಣುವ ಮೊದಲೇ ಪಿಮೊಬೆಂಡಾನ್ ಎಂಬ ಮಾತ್ರೆ ಆರಂಭಿಸಿದರೆ ಹೃದಯ ಸೋಲುವುದನ್ನು ಸರಾಸರಿ 15 ತಿಂಗಳಷ್ಟು ಮುಂದೂಡಬಹುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇದನ್ನು ವೈದ್ಯರೇ ನಿರ್ಧರಿಸಬೇಕು. ಮನುಷ್ಯರ ಹೃದಯದ ಮಾತ್ರೆಯನ್ನು ಮುರಿದು ಕೊಡುವ ಪ್ರಯೋಗ ಬೇಡ. ಬೆಂಗಳೂರಿನ ಉತ್ತರ ಭಾಗದ ಸದಸ್ಯರಿಗೆ 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬಳ್ಳಾರಿ ರಸ್ತೆಯಲ್ಲೇ ಇದೆ.

ಕೋಗಿಲಿನ ನಾಯಿಯ ಗತಿ

ನಮ್ಮ ಸದಸ್ಯರ ನಾಯಿಗೆ ಸ್ಕ್ಯಾನ್ ಮಾಡಿದಾಗ ಕವಾಟ ಸ್ವಲ್ಪ ಸೋರುತ್ತಿದ್ದರೂ ಹೃದಯ ಹಿಗ್ಗಿರಲಿಲ್ಲ. ಸದ್ಯಕ್ಕೆ ಔಷಧ ಬೇಡ, ತೂಕ ಇಳಿಸುವುದೇ ಚಿಕಿತ್ಸೆ ಎಂದರು ವೈದ್ಯರು. ಯಜಮಾನರು ಆ ರಾತ್ರಿ ಊಟ ಮಾಡಲಿಲ್ಲವಂತೆ. “ಪ್ರೀತಿಯಿಂದ ಹಾಕಿದ್ದು, ಅದೇ ಅದರ ಎದೆ ಮೇಲೆ ಕೂತಿತು” ಎಂದು ನಮ್ಮೊಡನೆ ಹೇಳುವಾಗಲೂ ಅವರ ಕಣ್ಣು ತುಂಬಿತ್ತು. ತೋಟ ಬಿಟ್ಟು ಬಂದವರಿಗೆ ಹಗಲೆಲ್ಲ ಮಾತಿಗೆ ಸಿಗುತ್ತಿದ್ದುದು ಆ ನಾಯಿಯೊಂದೇ. ಪ್ರತಿ ಬಿಸ್ಕತ್ತೂ ಒಂದು ಮಾತಿನಂತೆ ಹೋಗುತ್ತಿತ್ತು.

ಮೊದಲ ತಿಂಗಳು ಇಳಿದದ್ದು ಅರ್ಧ ಕಿಲೋಗೂ ಕಡಿಮೆ. ವಿಚಾರಿಸಿದರೆ, ತಾತನಿಗೆ ಕಾಣದಂತೆ ಮೊಮ್ಮಗ ಬ್ರೆಡ್ಡು ಕೊಡುತ್ತಿದ್ದ. ಹುಡುಗನನ್ನು ಗದರಿಸುವ ಬದಲು ವಾರದ ತೂಕ ಬರೆಯುವ ಪುಸ್ತಕವನ್ನು ಅವನ ಕೈಗೇ ಕೊಟ್ಟರು. ಅಲ್ಲಿಂದ ಸೋರಿಕೆ ನಿಂತಿತು. ಆರು ತಿಂಗಳಾಗುವಾಗ ತೂಕ 22 ಕಿಲೋಗೆ ಬಂದಿತ್ತು. ಕಳೆದ ತಿಂಗಳು ನಾವು ಹೋಗಿದ್ದಾಗ ಅದು ಎರಡು ಮಹಡಿಯನ್ನು ನಿಲ್ಲದೆ ಹತ್ತಿತು. ಏದುಸಿರು ಬಿಡುತ್ತಾ ನಿಂತವರು ನಾವು. ಮರ್ಮರ ಹೋಗಿಲ್ಲ, ಹೋಗುವುದೂ ಇಲ್ಲ. ಆರು ತಿಂಗಳಿಗೊಮ್ಮೆ ತೋರಿಸಬೇಕು. ದಿನಕ್ಕೆರಡು ಹೊತ್ತು ನಾಯಿಯ ಜೊತೆ ನಡೆದ ಯಜಮಾನರ ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂದಿದೆಯೆಂದು ಅವರ ಸೊಸೆ ಹೇಳಿದರು.

ಸದಸ್ಯ ಬಂಧುಗಳು ಇವತ್ತು ಸಂಜೆಯೇ ತಮ್ಮ ನಾಯಿಯ ಪಕ್ಕೆಲುಬನ್ನೊಮ್ಮೆ ಮುಟ್ಟಿ ನೋಡಲಿ. ಸಿಗದಿದ್ದರೆ ನಾಳೆ ಬೆಳಿಗ್ಗೆ ತಕ್ಕಡಿಯ ಮೇಲೆ ನಿಲ್ಲಲಿ. ಬಿಸ್ಕತ್ತಿನ ಡಬ್ಬಿಯನ್ನು ಎತ್ತರದ ಕಪಾಟಿನಲ್ಲಿಟ್ಟು, ಆ ಹೊತ್ತಿನಲ್ಲಿ ನಾಯಿಯನ್ನು ಕರೆದುಕೊಂಡು ಒಂದು ಸುತ್ತು ಹೋಗಿ ಬರಲಿ.